ಲಿನಕ್ಸ್‌ಸಿಎನ್‌ಸಿಗೆ ಎಂಥ ಕಂಪ್ಯೂಟರ್ ತಗೊಳ್ಳಬೇಕು?

ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದ ಕಡೆ ಗುಡಿಗಾರರ ಕೆತ್ತನೆಗೆ ಹಳೆಯ ಹೆಸರಿದೆ. ಅದೇ ಊರುಗಳ ಮರಗೆಲಸದ ಶೆಡ್ಡುಗಳಲ್ಲಿ ಈಗ ಬಾಗಿಲಿಗೆ, ಮಂಚಕ್ಕೆ, ದೇವರ ಮಂಟಪಕ್ಕೆ ಬಳ್ಳಿ-ಹೂವು ಕೊರೆಯುವ ಸಿಎನ್‌ಸಿ ರೂಟರ್‌ಗಳೂ, ಅಂದರೆ ಕಂಪ್ಯೂಟರ್ ಹೇಳಿದಂತೆ ತಾವೇ ಕೊರೆಯುವ ಮಷಿನ್‌ಗಳೂ ಕಾಣುತ್ತವೆ. ಕಾರವಾರದ ಕಡೆ ಹೋದರೆ, ಹಳೇ ಲೇತ್‌ಗೆ ಮೋಟರ್ ಕೂರಿಸಿ ಸಿಎನ್‌ಸಿ ಮಾಡಿಕೊಳ್ಳಬೇಕು ಅನ್ನುವ ಆಸೆ ಇರುವ ವರ್ಕ್‌ಶಾಪ್‌ನವರು ಸಿಗುತ್ತಾರೆ. ಇವರೆಲ್ಲ ಕೊನೆಗೆ ಕೇಳುವ ಪ್ರಶ್ನೆ ಒಂದೇ. ಮಷಿನ್ ನಡೆಸಲು ಲಿನಕ್ಸ್‌ಸಿಎನ್‌ಸಿ ಸಾಫ್ಟ್‌ವೇರ್ ಹಾಕಬೇಕು ಅಂತಿದ್ದೇನೆ, ಎಂಥ ಕಂಪ್ಯೂಟರ್ ತಗೊಳ್ಳಲಿ?

ಹೆಚ್ಚಿನವರು ಉತ್ತರವನ್ನೂ ಜೊತೆಗೇ ತಂದಿರುತ್ತಾರೆ. ಐ7 ಪ್ರೊಸೆಸರ್, 16 ಜಿಬಿ ರ್ಯಾಮ್, ಒಂದು ಒಳ್ಳೆ ಗ್ರಾಫಿಕ್ಸ್ ಕಾರ್ಡ್. ಮನೆಯಲ್ಲಿ ಗೇಮ್ ಆಡುವವರಿಗೆ ಅದು ಸರಿ. ಮಷಿನ್ ಓಡಿಸಲು ಅದರಿಂದ ಉಪಯೋಗ ಕಮ್ಮಿ, ಕೆಲವು ಸಲ ತೊಂದರೆಯೇ ಜಾಸ್ತಿ. ಕಂಪ್ಯೂಟರ್ ಎಷ್ಟು ಜೋರಾಗಿ ಓಡುತ್ತದೆ ಅನ್ನುವುದು ಇಲ್ಲಿ ಎರಡನೇ ಮಾತು. ಹೇಳಿದ ಹೊತ್ತಿಗೆ, ಪ್ರತಿ ಸಲವೂ, ತಪ್ಪದೆ ಕೆಲಸ ಮುಗಿಸುತ್ತದಾ ಅನ್ನುವುದೇ ಮೊದಲ ಮಾತು. ಇದನ್ನು ಅಂಗಡಿಯಲ್ಲಿ ನಿಂತುಕೊಂಡೇ, ದುಡ್ಡು ಕೊಡುವ ಮೊದಲೇ ಅಳೆಯಬಹುದು. ಹೇಗೆ ಅಂತ ಬಿಡಿಸಿ ಹೇಳುತ್ತೇನೆ.

ಲಿನಕ್ಸ್‌ಸಿಎನ್‌ಸಿ ಪರಿಚಯ ಇಲ್ಲದವರಿಗೆ ಎರಡು ಮಾತು. ಇದರ ಮೂಲ 1990ರ ದಶಕದಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆಯಾದ ಎನ್‌ಐಎಸ್‌ಟಿಯಲ್ಲಿ ಶುರುವಾದ ಇಎಂಸಿ ಅನ್ನುವ ಯೋಜನೆಯಲ್ಲಿದೆ. ಈಗ ಜಗತ್ತಿನ ಬೇರೆ ಬೇರೆ ಕಡೆಯ ಉತ್ಸಾಹಿಗಳು ಸೇರಿ ಬೆಳೆಸುತ್ತಿದ್ದಾರೆ. ಪೂರ್ತಿ ಉಚಿತ, ಒಳಗಿನ ಕೋಡ್ ಎಲ್ಲರಿಗೂ ತೆರೆದಿದೆ. ಟೂಲ್ ಎಲ್ಲಿಗೆ, ಎಷ್ಟು ವೇಗದಲ್ಲಿ ಹೋಗಬೇಕು ಅಂತ ಬರೆದಿರುವ ಜಿ-ಕೋಡ್ ಫೈಲ್ ಓದಿ ಮೋಟರ್‌ಗಳಿಗೆ ಅಪ್ಪಣೆ ಕೊಡುವುದು ಅದರ ಕೆಲಸ. 9 ಆಕ್ಸಿಸ್‌ವರೆಗೆ, ಅಂದರೆ 9 ಚಲನೆಯ ದಿಕ್ಕುಗಳವರೆಗೆ ನಡೆಸಬಲ್ಲದು. ರೂಟರ್, ಮಿಲ್ಲಿಂಗ್, ಲೇತ್, ಪ್ಲಾಸ್ಮಾ ಕಟಿಂಗ್ ಎಲ್ಲಕ್ಕೂ ಆಗುತ್ತದೆ. ಲೈಸೆನ್ಸ್‌ಗೆ ಕಾಸು ಕೊಡಬೇಕಾಗಿಲ್ಲ ಅನ್ನುವ ಕಾರಣಕ್ಕೇ ಸಣ್ಣ ಶೆಡ್ಡಿನವರಿಗೆ ಇದು ದೊಡ್ಡ ವರ ಅಂತ ನನ್ನ ನಂಬಿಕೆ.

ಹೊತ್ತು ತಪ್ಪಿದರೆ ಏನಾಗುತ್ತದೆ

ಇಂಥ ಮಷಿನ್‌ಗಳಲ್ಲಿ ಹಾಕುವ ಸ್ಟೆಪ್ಪರ್ ಮೋಟರ್ ಒಂದೊಂದು ಪಲ್ಸ್‌ಗೆ, ಅಂದರೆ ವಿದ್ಯುತ್ತಿನ ಒಂದೊಂದು ಮಿಡಿತಕ್ಕೆ, ಒಂದೊಂದು ಹೆಜ್ಜೆ ತಿರುಗುತ್ತದೆ. ಪಲ್ಸ್‌ಗಳು ಸಮವಾಗಿ ಬರುತ್ತಿದ್ದರೆ ಮೋಟರ್ ನುಣ್ಣಗೆ ಓಡುತ್ತದೆ. ಯಕ್ಷಗಾನದಲ್ಲಿ ಮದ್ದಳೆಯವನ ಕೈ ಎಷ್ಟೇ ಬಿರುಸಾಗಿರಲಿ, ಒಂದು ಪೆಟ್ಟು ತಡವಾಗಿ ಬಿದ್ದರೆ ಕುಣಿಯುವವನ ಹೆಜ್ಜೆ ತಪ್ಪುತ್ತದೆ, ಅಲ್ವಾ? ಮೋಟರ್‌ನದೂ ಅದೇ ಪಾಡು.

ಲೆಕ್ಕ ಹಾಕಿಯೇ ನೋಡೋಣ. ನಿಮ್ಮ ರೂಟರ್‌ನ ಸ್ಕ್ರೂ ಒಂದು ಸುತ್ತಿಗೆ 5 ಮಿಮೀ ಸಾಗುತ್ತದೆ ಅಂದುಕೊಳ್ಳಿ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಇಡುತ್ತದೆ. ಮೋಟರ್‌ಗೆ ಕರೆಂಟ್ ಕೊಡುವ ಡ್ರೈವ್‌ನಲ್ಲಿ ಮೈಕ್ರೊಸ್ಟೆಪ್ 8ಕ್ಕೆ ಇಟ್ಟರೆ, ಅಂದರೆ ಒಂದು ಹೆಜ್ಜೆಯನ್ನು 8 ತುಂಡು ಮಾಡಿದರೆ, ಒಂದು ಸುತ್ತಿಗೆ 1,600 ಪಲ್ಸ್ ಬೇಕು. ಅಂದರೆ 1 ಮಿಮೀಗೆ 320 ಪಲ್ಸ್. ಮಷಿನ್ ನಿಮಿಷಕ್ಕೆ 3,000 ಮಿಮೀ ಓಡಬೇಕಾದರೆ ಸೆಕೆಂಡಿಗೆ 50 ಮಿಮೀ ಆಯಿತು. 50ನ್ನು 320ರಿಂದ ಗುಣಿಸಿ. ಸೆಕೆಂಡಿಗೆ 16,000 ಪಲ್ಸ್. ಒಂದು ಪಲ್ಸ್‌ನಿಂದ ಇನ್ನೊಂದಕ್ಕೆ ಸಿಗುವ ಸಮಯ ಬರೀ 62.5 ಮೈಕ್ರೊಸೆಕೆಂಡ್. ಒಂದು ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲು ಒಂದು ಮೈಕ್ರೊಸೆಕೆಂಡ್.

ಈ ಪಲ್ಸ್‌ಗಳನ್ನು ಕಂಪ್ಯೂಟರೇ ತನ್ನ ಪ್ಯಾರಲಲ್ ಪೋರ್ಟ್‌ನಿಂದ (ಹಳೇ ಪ್ರಿಂಟರ್ ಸಾಕೆಟ್‌ನಿಂದ) ಹೊಡೆಯುವ ಪದ್ಧತಿ ಒಂದಿದೆ. ಅದಕ್ಕಾಗಿ ಲಿನಕ್ಸ್‌ಸಿಎನ್‌ಸಿ ಒಳಗೆ 'ಬೇಸ್ ಥ್ರೆಡ್' ಅನ್ನುವ ಕೆಲಸ ಬಹಳ ಬೇಗ ಬೇಗ ಓಡುತ್ತಿರುತ್ತದೆ. 25 ಮೈಕ್ರೊಸೆಕೆಂಡಿಗೆ ಒಂದು ಸಲ ಅಂತ ಇಟ್ಟರೆ ಸೆಕೆಂಡಿಗೆ 40,000 ಸಲ. ಒಂದು ಸಲ ಪಿನ್ ಮೇಲೆ ಎತ್ತಬೇಕು, ಇನ್ನೊಂದು ಸಲ ಕೆಳಗೆ ಇಳಿಸಬೇಕು. ಹಾಗಾಗಿ ಸಿಗುವುದು 20,000 ಪಲ್ಸ್. ನಮ್ಮ 16,000 ಅದರೊಳಗೆ ಕೂರುತ್ತದೆ. ಅದೇ ಮೈಕ್ರೊಸ್ಟೆಪ್ 16ಕ್ಕೆ ಏರಿಸಿದರೆ 32,000 ಬೇಕಾಗುತ್ತದೆ, ಕೂರುವುದಿಲ್ಲ. ಎತ್ತಿದ ಪಿನ್ನನ್ನು ಅದೇ ಸರದಿಯಲ್ಲಿ ಇಳಿಸುವ ಒಂದು ಉಪಾಯ ಪ್ಯಾರಲಲ್ ಪೋರ್ಟ್ ಡ್ರೈವರ್‌ನಲ್ಲಿ ಇದೆ, ಅದರಿಂದ ಸ್ವಲ್ಪ ಉಸಿರು ಸಿಗುತ್ತದೆ. ಆದರೂ ಮೈಕ್ರೊಸ್ಟೆಪ್ ಸುಮ್ನೆ ಏರಿಸಬೇಡಿ. ನುಣುಪು ಒಂದು ಹಂತದವರೆಗೆ ಮಾತ್ರ ಹೆಚ್ಚುತ್ತದೆ, ಕಂಪ್ಯೂಟರ್ ಮೇಲಿನ ಭಾರ ಮಾತ್ರ ಏರುತ್ತಲೇ ಹೋಗುತ್ತದೆ.

ಈಗ ಕಂಪ್ಯೂಟರ್ ಒಂದು ಕ್ಷಣ ಬೇರೆಲ್ಲೋ ಗಮನ ಕೊಟ್ಟು 300 ಮೈಕ್ರೊಸೆಕೆಂಡ್ ತಡ ಮಾಡಿತು ಅನ್ನಿ. ನಮಗೆ ನಿಮಗೆ ಅದು ಗೊತ್ತೇ ಆಗುವುದಿಲ್ಲ, ಪರದೆ ಮೇಲೆ ಏನೂ ಕಾಣುವುದಿಲ್ಲ. ಆದರೆ ಓಡುತ್ತಿರುವ ಮೋಟರ್‌ಗೆ ಐದು ಪಲ್ಸ್ ಬರಬೇಕಾದ ಜಾಗದಲ್ಲಿ ಏನೂ ಬರಲಿಲ್ಲ. ಅದು ಜರ್ಕ್ ಹೊಡೆಯುತ್ತದೆ. ಭಾರ ಜಾಸ್ತಿ ಇದ್ದರೆ ಹೆಜ್ಜೆ ಕಳೆದುಕೊಳ್ಳುತ್ತದೆ. ಸಾಮಾನ್ಯ ಸ್ಟೆಪ್ಪರ್‌ಗೆ ತಾನು ಎಲ್ಲಿದ್ದೇನೆ ಅಂತ ವಾಪಸ್ ಹೇಳುವ ವ್ಯವಸ್ಥೆ ಇಲ್ಲ. ಹಾಗಾಗಿ ಸಾಫ್ಟ್‌ವೇರ್‌ಗೆ ತಪ್ಪು ಗೊತ್ತಾಗದೆ ಮುಂದೆ ಹೋಗುತ್ತಲೇ ಇರುತ್ತದೆ. ಸಾಗವಾನಿ ಬಾಗಿಲಿನ ಮೇಲೆ ಇದು ಹೇಗೆ ಕಾಣುತ್ತದೆ ಗೊತ್ತಾ? ಅರ್ಧ ಬಾಗಿಲಿನವರೆಗೆ ಬಳ್ಳಿ ಚೆನ್ನಾಗಿ ಬಂದಿರುತ್ತದೆ. ಒಂದು ಎಲೆಯ ನಡುವೆ ಗೆರೆ ಮುರಿದು, ಅಲ್ಲಿಂದ ಕೆಳಗಿನ ಇಡೀ ವಿನ್ಯಾಸ ಎರಡು ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಆ ಹಲಗೆಗೆ ಮುಂದೆ ಬೇರೆ ಉಪಯೋಗ ಹುಡುಕಬೇಕು.

ತಡ ಎಲ್ಲಿಂದ ಬರುತ್ತದೆ

ಈ ತಡಕ್ಕೆ ಲೇಟೆನ್ಸಿ ಅನ್ನುತ್ತಾರೆ. ಸರಾಸರಿ ತಡ ಎಷ್ಟು ಅನ್ನುವುದು ಇಲ್ಲಿ ಮುಖ್ಯ ಅಲ್ಲ. ಗಂಟೆಗಟ್ಟಲೆ ಓಡುವಾಗ ಒಂದೇ ಒಂದು ಸಲ ಅತಿ ಹೆಚ್ಚು ಎಷ್ಟು ತಡ ಆಯಿತು ಅನ್ನುವುದೇ ಮುಖ್ಯ.

ಮಾಮೂಲಿ ಲಿನಕ್ಸ್‌ಗೆ ಈ ಶಿಸ್ತು ಸಾಲದು. ಅದಕ್ಕೇ ಲಿನಕ್ಸ್‌ಸಿಎನ್‌ಸಿ ಜೊತೆ ರಿಯಲ್‌ಟೈಮ್ ಕರ್ನಲ್, ಅಂದರೆ ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ಲಿನಕ್ಸ್ ತಿರುಳು, ಹಾಕುತ್ತಾರೆ. ಎರಡು ಬಗೆ ಇದೆ. ಆರ್‌ಟಿಎಐ ಹಳೆಯದು, ಪ್ಯಾರಲಲ್ ಪೋರ್ಟ್‌ನಿಂದ ನೇರ ಪಲ್ಸ್ ಹೊಡೆಯುವವರಿಗೆ ಈಗಲೂ ಚೆನ್ನಾಗಿ ಆಗುತ್ತದೆ. ಪ್ರಿಎಂಪ್ಟ್-ಆರ್‌ಟಿ ಇನ್ನೊಂದು. 2024ರಲ್ಲಿ ಬಂದ ಲಿನಕ್ಸ್ 6.12ರಿಂದ ಅದು ಮುಖ್ಯ ಕರ್ನಲ್‌ನ ಒಳಗೇ ಸೇರಿಕೊಂಡಿದೆ. ಹೊಸಬರು ಡೆಬಿಯನ್ 12 ಅನ್ನುವ ಲಿನಕ್ಸ್ ಆಧಾರದ ಲಿನಕ್ಸ್‌ಸಿಎನ್‌ಸಿ ಇಮೇಜ್ (ಇನ್‌ಸ್ಟಾಲ್ ಮಾಡುವ ಫೈಲ್) ಇಳಿಸಿಕೊಂಡರೆ ಪ್ರಿಎಂಪ್ಟ್-ಆರ್‌ಟಿಯೇ ಸಿಗುತ್ತದೆ.

ಆದರೆ ಕರ್ನಲ್ ಎಷ್ಟೇ ಶಿಸ್ತಿನದಾಗಿರಲಿ, ಹಾರ್ಡ್‌ವೇರ್ ಕೈಕೊಟ್ಟರೆ ಅದೇನೂ ಮಾಡಲಾರದು. ಎಲ್ಲಕ್ಕಿಂತ ಕಾಟ ಕೊಡುವುದು ಎಸ್‌ಎಂಐ, ಅಂದರೆ ಸಿಸ್ಟಮ್ ಮ್ಯಾನೇಜ್‌ಮೆಂಟ್ ಇಂಟರಪ್ಟ್. ಬಯಾಸ್ ಅನ್ನುವುದು ಮದರ್‌ಬೋರ್ಡ್‌ನಲ್ಲೇ ಇರುವ ಮೂಲ ಪ್ರೋಗ್ರಾಂ. ಅದು ಫ್ಯಾನು, ಬಿಸಿ, ಬ್ಯಾಟರಿ, ಹಳೇ ಕೀಬೋರ್ಡ್ ನೋಡಿಕೊಳ್ಳುವ ನೆಪದಲ್ಲಿ ಆಗಾಗ ಸಿಪಿಯುವನ್ನೇ ತನ್ನ ಕಡೆ ಎಳೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಲಿನಕ್ಸ್‌ಗೆ ತನ್ನ ಸಮಯ ಕದ್ದದ್ದೂ ಗೊತ್ತಾಗುವುದಿಲ್ಲ. ಲ್ಯಾಪ್‌ಟಾಪ್‌ಗಳಲ್ಲಿ ಈ ಕಾಟ ವಿಪರೀತ, ಏಕೆಂದರೆ ಬ್ಯಾಟರಿ ಉಳಿಸುವುದೇ ಅವುಗಳ ಹುಟ್ಟುಗುಣ. ಹಾಗಾಗಿ ಎಷ್ಟೇ ಒಳ್ಳೆ ಲ್ಯಾಪ್‌ಟಾಪ್ ಮನೆಯಲ್ಲಿ ಬಿದ್ದಿರಲಿ, ಪಲ್ಸ್ ಹೊಡೆಯುವ ಕೆಲಸಕ್ಕೆ ಅದನ್ನು ಕೂರಿಸಬೇಡಿ.

ಎರಡನೆಯದು ನಿದ್ದೆ. ಕೆಲಸ ಇಲ್ಲದಾಗ ಸಿಪಿಯು ಸಿ-ಸ್ಟೇಟ್ ಅನ್ನುವ ನಿದ್ದೆಗೆ ಜಾರುತ್ತದೆ. ಆಳ ನಿದ್ದೆಯಿಂದ ಏಳಲು ಹತ್ತಾರು, ಕೆಲವೊಮ್ಮೆ ನೂರಾರು ಮೈಕ್ರೊಸೆಕೆಂಡ್ ಬೇಕು. ವೇಗ ಏರಿಸಿ ಇಳಿಸುವ ಸ್ಪೀಡ್‌ಸ್ಟೆಪ್ ಕೂಡ ಇದೇ ಜಾತಿ. ಒಂದು ಕೋರ್ ಅನ್ನು ಎರಡು ಅಂತ ತೋರಿಸುವ ಹೈಪರ್‌ಥ್ರೆಡಿಂಗ್ ಇದ್ದರೆ ಪಕ್ಕದ ಕೆಲಸ ನಮ್ಮ ಕೆಲಸದ ಕಾಲು ತುಳಿಯುತ್ತದೆ. ಇವಿಷ್ಟನ್ನೂ ಬಯಾಸ್‌ನಲ್ಲಿ ಆಫ್ ಮಾಡಬಹುದು. ಈ ಸೆಟ್ಟಿಂಗ್‌ಗಳು ಬಯಾಸ್‌ನಲ್ಲಿ ಕಾಣಲೇ ಇಲ್ಲ ಅಂದರೆ ಆ ಬೋರ್ಡ್ ಬಿಟ್ಟು ಮುಂದೆ ಹೋಗಿ.

ಗ್ರಾಫಿಕ್ಸ್ ಕಾರ್ಡ್ ಮೂರನೆಯದು. ಎನ್‌ವಿಡಿಯಾ ಕಂಪನಿಯ ಸ್ವಂತ ಡ್ರೈವರ್ ಹಾಕಿದರೆ ಲೇಟೆನ್ಸಿ ಕೆಡುವುದು ಹಳೆಯ ಅನುಭವ. ಬೋರ್ಡ್‌ನಲ್ಲೇ ಇರುವ ಇಂಟೆಲ್ ಗ್ರಾಫಿಕ್ಸ್ ಧಾರಾಳ ಸಾಕು. ಟೂಲ್ ಹೋಗುವ ದಾರಿಯನ್ನು ಪರದೆ ಮೇಲೆ ಗೆರೆಯಾಗಿ ತೋರಿಸುವುದಕ್ಕಿಂತ ಹೆಚ್ಚಿನ ಕೆಲಸ ಅದಕ್ಕಿಲ್ಲ.

ಪೆನ್‌ಡ್ರೈವ್ ಹಿಡಿದು ಅಂಗಡಿಗೆ ಹೋಗಿ

ಲಿನಕ್ಸ್‌ಸಿಎನ್‌ಸಿ ಇಮೇಜನ್ನು ಪೆನ್‌ಡ್ರೈವ್‌ಗೆ ಬರೆದುಕೊಳ್ಳಿ. ಹಾರ್ಡ್‌ಡಿಸ್ಕ್ ಮುಟ್ಟದೆ, ಪೆನ್‌ಡ್ರೈವ್‌ನಿಂದಲೇ ಲೈವ್ ಆಗಿ ಅದನ್ನು ಬೂಟ್ ಮಾಡಬಹುದು. ಹುಬ್ಬಳ್ಳಿಗೋ ಬೆಂಗಳೂರಿನ ಎಸ್‌ಪಿ ರೋಡಿಗೋ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ನೋಡಲು ಹೋದಾಗ ಅದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ. "ಅಣ್ಣ, ಅರ್ಧ ಗಂಟೆ ಇದನ್ನ ಓಡಿಸಿ ನೋಡ್ತೀನಿ" ಅಂದರೆ ಹೆಚ್ಚಿನ ಅಂಗಡಿಯವರು ಬೇಡ ಅನ್ನುವುದಿಲ್ಲ. ಬೇಡ ಅಂದವರ ಹತ್ತಿರ ಕೊಳ್ಳುವುದು ಬೇಡ.

ಬೂಟ್ ಆದ ಮೇಲೆ ಲೇಟೆನ್ಸಿ ಟೆಸ್ಟ್ ತೆರೆಯಿರಿ. ಸಣ್ಣ ಕಿಟಕಿ, ಎರಡು ಸಾಲು. ಒಂದು ಸಾಲು 1 ಮಿಲಿಸೆಕೆಂಡಿಗೊಮ್ಮೆ ಚಲನೆಯ ಲೆಕ್ಕ ಹಾಕುವ ಸರ್ವೊ ಥ್ರೆಡ್‌ದು, ಇನ್ನೊಂದು 25 ಮೈಕ್ರೊಸೆಕೆಂಡಿನ ಬೇಸ್ ಥ್ರೆಡ್‌ದು. ಮ್ಯಾಕ್ಸ್ ಜಿಟರ್ ಅನ್ನುವ, ಹೊತ್ತು ಅತಿ ಹೆಚ್ಚು ಎಷ್ಟು ತಪ್ಪಿತು ಅಂತ ಹೇಳುವ ಅಂಕಿ ಮೇಲೆ ಕಣ್ಣಿಡಿ. ಅದು ನ್ಯಾನೊಸೆಕೆಂಡ್‌ನಲ್ಲಿರುತ್ತದೆ. 15,000 ಅಂತ ಕಂಡರೆ 15 ಮೈಕ್ರೊಸೆಕೆಂಡ್ ಅಂತ ಓದಿಕೊಳ್ಳಬೇಕು. ಆ ಅಂಕಿ ಏರುತ್ತದೆಯೇ ಹೊರತು ಇಳಿಯುವುದಿಲ್ಲ. ಅಲ್ಲಿಯವರೆಗಿನ ಅತಿ ಕೆಟ್ಟ ಕ್ಷಣವನ್ನು ಅದು ಹಿಡಿದಿಟ್ಟುಕೊಂಡಿರುತ್ತದೆ.

ಈಗ ಕಂಪ್ಯೂಟರ್‌ಗೆ ಕಾಟ ಕೊಡಿ. ಸುಮ್ಮನೆ ನಿಂತಿರುವ ಕಂಪ್ಯೂಟರ್ ಎಲ್ಲವೂ ಒಳ್ಳೆಯದೇ. ಕಿಟಕಿಗಳನ್ನು ಹಿಡಿದು ಆಚೀಚೆ ಎಳೆಯಿರಿ. ಗೇರ್ ತಿರುಗುವ ಆ ಸಣ್ಣ ಜಿಎಲ್‌ಎಕ್ಸ್‌ಗೇರ್ಸ್ ಪ್ರೋಗ್ರಾಂ ಓಡಿಸಿ. ಇನ್ನೊಂದು ಪೆನ್‌ಡ್ರೈವ್ ಚುಚ್ಚಿ ದೊಡ್ಡ ಫೈಲ್ ಕಾಪಿ ಮಾಡಿ. ಮೊಬೈಲ್‌ನಿಂದ ನೆಟ್ ಕೊಟ್ಟು ಒಂದು ವೀಡಿಯೊ ಹಾಕಿ. ಆಗ ಮ್ಯಾಕ್ಸ್ ಜಿಟರ್ ಎಲ್ಲಿಗೆ ಹೋಗಿ ನಿಲ್ಲುತ್ತದೆ ನೋಡಿ.

15ರಿಂದ 20 ಮೈಕ್ರೊಸೆಕೆಂಡಿನೊಳಗೆ ನಿಂತರೆ ಬಂಗಾರ. ಪ್ಯಾರಲಲ್ ಪೋರ್ಟ್‌ನಿಂದ ನೇರ ಪಲ್ಸ್ ಹೊಡೆಯಲು ಅದು ತಕ್ಕ ಕಂಪ್ಯೂಟರ್. 30ರಿಂದ 50 ಬಂದರೂ ಕೆಲಸ ನಡೆಯುತ್ತದೆ, ಆದರೆ ಬೇಸ್ ಥ್ರೆಡ್ ನಿಧಾನ ಮಾಡಬೇಕು. 25ರ ಬದಲು 50 ಮೈಕ್ರೊಸೆಕೆಂಡಿಗೆ ಇಟ್ಟರೆ ಸಿಗುವುದು 10,000 ಪಲ್ಸ್. ನಮ್ಮ ಲೆಕ್ಕದ ಮಷಿನ್ ಆಗ ನಿಮಿಷಕ್ಕೆ 1,875 ಮಿಮೀಗೆ ಇಳಿಯುತ್ತದೆ. 100 ದಾಟಿತು ಅಂದರೆ ಆ ಕಂಪ್ಯೂಟರ್‌ನಿಂದ ನೇರ ಪಲ್ಸ್ ಹೊಡೆಸುವ ಆಸೆ ಬಿಡಿ, ಪಲ್ಸ್ ಹೊಡೆಯಲು ಬೇರೆ ಕಾರ್ಡ್ ಹಾಕುವ ದಾರಿ ಇನ್ನೂ ಇದೆ, ಅದನ್ನು ಮುಂದೆ ಹೇಳುತ್ತೇನೆ. 1,000 ದಾಟಿದರೆ, ಅಂದರೆ 1 ಮಿಲಿಸೆಕೆಂಡ್ ದಾಟಿದರೆ, ಯಾವ ದಾರಿಗೂ ಅದು ಬೇಡ.

ಅಂಗಡಿಯಲ್ಲಿ ಬಂದ ಅಂಕಿ ಕೆಟ್ಟದ್ದು ಅಂತ ಕೂಡಲೇ ತಿರಸ್ಕರಿಸಬೇಡಿ. ಬಯಾಸ್‌ಗೆ ಹೋಗಿ ಸಿ-ಸ್ಟೇಟ್, ಸ್ಪೀಡ್‌ಸ್ಟೆಪ್, ಟರ್ಬೊ, ಹೈಪರ್‌ಥ್ರೆಡಿಂಗ್ ಆಫ್ ಮಾಡಿ ಇನ್ನೊಮ್ಮೆ ಓಡಿಸಿ. ಅದೇ ಕಂಪ್ಯೂಟರ್ ಬೇರೆಯದೇ ಅಂಕಿ ತೋರಿಸಬಹುದು. ಮನೆಗೆ ತಂದು ಇನ್‌ಸ್ಟಾಲ್ ಮಾಡಿದ ಮೇಲೆ ಕರ್ನಲ್ ಬೂಟ್ ಸಾಲಿನಲ್ಲಿ ಐಸೋಲ್‌ಸಿಪಿಯುಸ್ ಅಂತ ಒಂದು ಆಯ್ಕೆ ಸೇರಿಸಬಹುದು. ಅದು ಕೊನೆಯ ಕೋರ್ ಅನ್ನು ಬೇರೆಲ್ಲ ಕೆಲಸದಿಂದ ದೂರ ಇಟ್ಟು ರಿಯಲ್‌ಟೈಮ್ ಕೆಲಸಕ್ಕೇ ಮೀಸಲಿಡುತ್ತದೆ. ಎರಡು ಕೋರ್ ಇದ್ದರೆ ಇದು ಸಾಧ್ಯ, ನಾಲ್ಕಿದ್ದರೆ ಆರಾಮ. ಎಂಟು ಹತ್ತು ಕೋರ್ ಇದ್ದರೆ ಮಷಿನ್‌ಗೆ ಅದರಿಂದ ಹೆಚ್ಚೇನೂ ಸಿಗುವುದಿಲ್ಲ.

ಅಂಗಡಿಯ ಅರ್ಧ ಗಂಟೆ ಮೊದಲ ಸೋಸುವಿಕೆಗೆ ಮಾತ್ರ. ಮನೆಗೆ ತಂದ ಮೇಲೆ ಒಂದು ರಾತ್ರಿ ಇಡೀ ಓಡಲು ಬಿಡಿ. ದಿನಕ್ಕೆ ಎರಡು ಸಲ ಮಾತ್ರ ಬರುವ ತಡವೂ ಎರಡು ಹಲಗೆ ಹಾಳು ಮಾಡಬಲ್ಲದು.

ಉಳಿದ ವಿವರ ಬೇಗ ಹೇಳಿ ಮುಗಿಸುತ್ತೇನೆ. ಲಿನಕ್ಸ್‌ಸಿಎನ್‌ಸಿಯವರೇ ಹೇಳುವ ಕನಿಷ್ಠ ಪ್ರೊಸೆಸರ್ 700 ಮೆಗಾಹರ್ಟ್ಸ್, 1.2 ಗಿಗಾಹರ್ಟ್ಸ್ ಇದ್ದರೆ ಒಳ್ಳೆಯದು. ಇಂದು ಮಾರುಕಟ್ಟೆಯಲ್ಲಿ ಅದಕ್ಕಿಂತ ನಿಧಾನದ್ದು ಸಿಗುವುದೇ ಕಷ್ಟ. ರ್ಯಾಮ್ 4 ಜಿಬಿ ಸಾಕು. ಡಿಸ್ಕ್‌ಗೆ ಸಣ್ಣ ಎಸ್‌ಎಸ್‌ಡಿ ಹಾಕಿ. ಟೂಲ್ ತಿರುಗಿಸುವ ಸ್ಪಿಂಡಲ್‌ನ ಅಲುಗಾಟದ ಪಕ್ಕ ತಿರುಗುವ ಹಾರ್ಡ್‌ಡಿಸ್ಕ್ ಬೇಡ. ಆಫೀಸುಗಳಿಂದ ಹೊರಬಂದ ಡೆಲ್ ಆಪ್ಟಿಪ್ಲೆಕ್ಸ್, ಎಚ್‌ಪಿ ಪ್ರೊಡೆಸ್ಕ್, ಲೆನೋವೊ ಥಿಂಕ್‌ಸೆಂಟರ್‌ನಂಥ ಡೆಸ್ಕ್‌ಟಾಪ್‌ಗಳು ನನ್ನ ಮೊದಲ ಆಯ್ಕೆ. ಆದರೆ ಒಂದೇ ಹೆಸರಿನ ಎರಡು ಮಾಡೆಲ್ ಬೇರೆ ಬೇರೆ ಅಂಕಿ ಕೊಡಬಹುದು. ಹೆಸರು ನಂಬಿ ಕೊಳ್ಳಬೇಡಿ, ಅಳೆದು ಕೊಳ್ಳಿ. ಒಂದು ಕಾಲದಲ್ಲಿ ಇಂಟೆಲ್‌ನ ಡಿ525ಎಂಡಬ್ಲ್ಯು ಅನ್ನುವ ಸಣ್ಣ ಆಟಂ ಬೋರ್ಡ್ ಈ ಕೆಲಸಕ್ಕೆ ಬಹಳ ಹೆಸರು ಮಾಡಿತ್ತು. ವೇಗದಲ್ಲಿ ಅದು ಏನೂ ಅಲ್ಲ, ಹೊತ್ತಿಗೆ ಮಾತ್ರ ತಪ್ಪುತ್ತಿರಲಿಲ್ಲ.

ಪ್ಯಾರಲಲ್ ಪೋರ್ಟೋ, ಕಾರ್ಡೋ

ಕಂಪ್ಯೂಟರ್ ಆಯ್ಕೆಯ ಅರ್ಧ ಭಾಗ ಇರುವುದು ಈ ಪ್ರಶ್ನೆಯಲ್ಲಿ.

ಪ್ಯಾರಲಲ್ ಪೋರ್ಟ್ ಅಂದರೆ ಹಿಂದೆ ಪ್ರಿಂಟರ್‌ಗೆ ಹಾಕುತ್ತಿದ್ದ 25 ಪಿನ್ನಿನ ಆ ಉದ್ದ ಸಾಕೆಟ್. ಅದರಲ್ಲಿ 12 ಔಟ್‌ಪುಟ್, 5 ಇನ್‌ಪುಟ್ ಸಿಗುತ್ತವೆ. ಮೂರು ಆಕ್ಸಿಸ್‌ಗೆ ಸ್ಟೆಪ್ ಮತ್ತು ಡೈರೆಕ್ಷನ್ ಸೇರಿ 6 ಔಟ್‌ಪುಟ್ ಹೋಯಿತು. ಗ್ಯಾಂಟ್ರಿಗೆ, ಅಂದರೆ ಟೂಲ್ ಹೊತ್ತು ಸಾಗುವ ಸೇತುವೆಯಂಥ ಚೌಕಟ್ಟಿಗೆ, ಎರಡು ಮೋಟರ್ ಇದ್ದರೆ 8. ಸ್ಪಿಂಡಲ್ ಆನ್‌ಗೆ ಒಂದು, ಡ್ರೈವ್ ಎನೇಬಲ್‌ಗೆ ಒಂದು. ಅಲ್ಲಿಗೆ ಪರವಾಗಿಲ್ಲ. ಇನ್‌ಪುಟ್‌ದೇ ಬಡತನ. ಆಕ್ಸಿಸ್‌ನ ಶುರುವಿನ ಜಾಗ ತೋರಿಸುವ ಮೂರು ಹೋಮ್ ಸ್ವಿಚ್, ಒಂದು ಎಮರ್ಜೆನ್ಸಿ ಸ್ಟಾಪ್, ಟೂಲ್ ಎತ್ತರ ನೋಡುವ ಪ್ರೋಬ್. ಐದೂ ಮುಗಿಯಿತು. ಮಾರುಕಟ್ಟೆಯಲ್ಲಿ ಮ್ಯಾಕ್3 ಬೋರ್ಡ್ ಅಂತ ಸಿಗುವ ಪ್ಯಾರಲಲ್ ಪೋರ್ಟ್ ಬ್ರೇಕ್‌ಔಟ್ ಬೋರ್ಡ್ (ಪಿನ್‌ಗಳಿಗೆ ವೈರ್ ಜೋಡಿಸುವ ಬೋರ್ಡ್) ಇದಕ್ಕೆ ಆಗುತ್ತದೆ, ಬೆಲೆಯೂ ಹಗುರ. ಆಪ್ಟೊ ಐಸೊಲೇಶನ್ ಇರುವುದನ್ನೇ, ಅಂದರೆ ಮಷಿನ್ ಕಡೆಯ ಕರೆಂಟ್ ಕಂಪ್ಯೂಟರ್‌ಗೆ ನುಗ್ಗದಂತೆ ಬೇರ್ಪಡಿಸುವುದನ್ನೇ ಆರಿಸಿ. ಬೋರ್ಡ್‌ನಲ್ಲಿ ಪೋರ್ಟ್ ಇಲ್ಲದಿದ್ದರೆ ಪಿಸಿಐ ಅಥವಾ ಪಿಸಿಐ ಎಕ್ಸ್‌ಪ್ರೆಸ್ ಕಾರ್ಡ್ ಹಾಕಬಹುದು. ಯುಎಸ್‌ಬಿಯಿಂದ ಪ್ಯಾರಲಲ್ ಮಾಡಿಕೊಡುವ ಕೇಬಲ್ ಮಾತ್ರ ಖಂಡಿತ ಬೇಡ. ಅದು ಪ್ರಿಂಟರ್‌ಗಷ್ಟೇ. ಯುಎಸ್‌ಬಿ ತನ್ನ ಸರದಿ ಬಂದಾಗ ಗಂಟು ಕಟ್ಟಿ ಕಳಿಸುವ ಪದ್ಧತಿಯದು, ಪಲ್ಸ್‌ನ ಹೊತ್ತು ಅದರ ಕೈಯಲ್ಲಿ ಉಳಿಯುವುದಿಲ್ಲ.

ಇನ್ನೊಂದು ದಾರಿ, ಪಲ್ಸ್ ಹೊಡೆಯುವ ಕೆಲಸವನ್ನೇ ಹೊರಗಿನ ಕಾರ್ಡ್‌ಗೆ ಒಪ್ಪಿಸುವುದು. ಮೆಸಾ ಕಾರ್ಡ್‌ಗಳು ಇದಕ್ಕೆ ಹೆಸರುವಾಸಿ. 7ಐ76ಇ, 7ಐ96ಎಸ್ ಮುಂತಾದವು ನೆಟ್‌ವರ್ಕ್ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಸೇರುತ್ತವೆ. ಕಾರ್ಡ್‌ನ ಮೇಲಿರುವ ಎಫ್‌ಪಿಜಿಎ ಚಿಪ್ ತಾನೇ ಪಲ್ಸ್ ತಯಾರಿಸುತ್ತದೆ. ಕಂಪ್ಯೂಟರ್ 1 ಮಿಲಿಸೆಕೆಂಡಿಗೆ ಒಂದು ಸಲ 'ಇಷ್ಟು ವೇಗದಲ್ಲಿ ಹೋಗು' ಅಂತ ಹೇಳಿದರೆ ಸಾಕು. 62 ಮೈಕ್ರೊಸೆಕೆಂಡಿನ ಒತ್ತಡ ಹೋಗಿ 1,000 ಮೈಕ್ರೊಸೆಕೆಂಡಿನ ಬಿಡುವು ಸಿಕ್ಕಿತು. 100 ಮೈಕ್ರೊಸೆಕೆಂಡ್ ಜಿಟರ್ ಇರುವ ಕಂಪ್ಯೂಟರ್ ಕೂಡ ಇಲ್ಲಿ ಸಲೀಸಾಗಿ ನಡೆಯುತ್ತದೆ. ಇದು ಅಮೆರಿಕದಿಂದ ಬರಬೇಕು, ಕಸ್ಟಮ್ಸ್ ಡ್ಯೂಟಿಯೂ ಸೇರುತ್ತದೆ, ಹಾಗಾಗಿ ಕಂಪ್ಯೂಟರ್‌ಗಿಂತ ಕಾರ್ಡೇ ದುಬಾರಿ ಬೀಳಬಹುದು. ಆದರೂ ಹೊಸ ಕಂಪ್ಯೂಟರ್‌ಗೆ ಅಂತ ಎತ್ತಿಟ್ಟ ದುಡ್ಡು ಇದ್ದರೆ, ಹಳೇ ಡೆಸ್ಕ್‌ಟಾಪ್ ತಗೊಂಡು ಉಳಿದದ್ದನ್ನು ಕಾರ್ಡ್‌ಗೆ ಹಾಕಿ ಅನ್ನುವುದೇ ನನ್ನ ಸಲಹೆ.

ಹೀಗೆ ಮಾಡುವುದಾದರೆ ಕಂಪ್ಯೂಟರ್ ಆರಿಸುವಾಗ ನೆಟ್‌ವರ್ಕ್ ಪೋರ್ಟ್ ನೋಡಿ. ಇಂಟೆಲ್ ಚಿಪ್ ಇದ್ದರೆ ತಲೆನೋವು ಕಮ್ಮಿ. ಆ ಪೋರ್ಟ್ ಕಾರ್ಡ್‌ಗೆ ಮಾತ್ರ ಮೀಸಲಿರಲಿ, ಕೇಬಲ್ ನೇರ ಹೋಗಲಿ, ನಡುವೆ ನೆಟ್‌ವರ್ಕ್ ರೂಟರ್, ನೆಟ್‌ವರ್ಕ್ ಸ್ವಿಚ್ ಯಾವುದೂ ಬೇಡ. ಇಂಟರ್ನೆಟ್ ಬೇಕಿದ್ದರೆ ಇನ್ನೊಂದು ಪೋರ್ಟ್ ಅಥವಾ ವೈಫೈ ಬಳಸಿ. ಕಾರ್ಡ್‌ನಲ್ಲಿ ಕಾವಲುಗಾರ ಒಬ್ಬನಿದ್ದಾನೆ, ವಾಚ್‌ಡಾಗ್ ಅಂತ. ಮಾಮೂಲಿ ಸೆಟ್ಟಿಂಗ್‌ನಲ್ಲಿ 5 ಮಿಲಿಸೆಕೆಂಡ್ ಕಂಪ್ಯೂಟರ್‌ನಿಂದ ಸುದ್ದಿ ಬರದಿದ್ದರೆ ಔಟ್‌ಪುಟ್‌ಗಳನ್ನು ಬಂದ್ ಮಾಡುತ್ತಾನೆ. ಕಂಪ್ಯೂಟರ್ ಹ್ಯಾಂಗ್ ಆದರೆ ಸ್ಪಿಂಡಲ್ ಸುಮ್ಮನೆ ತಿರುಗುತ್ತಾ ಇರಬಾರದು, ಅಲ್ವಾ?

ಲೇತ್‌ನವರಿಗೆ ಒಂದು ವಿಶೇಷ ಮಾತು. ಬೋಲ್ಟಿನ ಸ್ಕ್ರೂ ಥ್ರೆಡ್ ಕತ್ತರಿಸಬೇಕಾದರೆ ಸ್ಪಿಂಡಲ್ ಎಷ್ಟು ತಿರುಗಿತು ಅಂತ ತಿರುಗಾಟ ಅಳೆಯುವ ಎನ್‌ಕೋಡರ್‌ನಿಂದ ಕ್ಷಣಕ್ಷಣವೂ ಓದಬೇಕು. ಪ್ಯಾರಲಲ್ ಪೋರ್ಟ್‌ನಲ್ಲಿ ಅದನ್ನೂ ಬೇಸ್ ಥ್ರೆಡ್ಡೇ ಎಣಿಸಬೇಕು. ಎಣಿಕೆ ಬೇಗ ಮಿತಿ ಮುಟ್ಟುತ್ತದೆ. ಕಾರವಾರದ ಕಡೆ ಬೋಟಿನ ಶಾಫ್ಟ್, ನಟ್ಟು ಬೋಲ್ಟು ಕೆಲಸ ಮಾಡುವ ಲೇತ್‌ಗೆ ಶುರುವಿನಿಂದಲೇ ಎನ್‌ಕೋಡರ್ ಇನ್‌ಪುಟ್ ಇರುವ ಕಾರ್ಡ್ ಹಾಕಿಕೊಳ್ಳುವುದು ಒಳ್ಳೆಯದು.

ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರ್ ಆಗುತ್ತದಾ ಅಂತ ಹುಡುಗರು ಕೇಳುತ್ತಾರೆ. ಆಗುತ್ತದೆ. ಪೈ 4 ಮತ್ತು ಪೈ 5ಕ್ಕೆ ಇಮೇಜ್ ಇದೆ, ಮೆಸಾ ಕಾರ್ಡ್ ಜೊತೆ ಚೆನ್ನಾಗಿ ನಡೆಯುತ್ತದೆ. ಅದರ ಎಸ್‌ಡಿ ಕಾರ್ಡ್ ಮೇಲೆ ನನಗೆ ಅಷ್ಟು ಭರವಸೆ ಇಲ್ಲ, ಕರೆಂಟ್ ಏಕಾಏಕಿ ಹೋಗುವ ಊರಿನಲ್ಲಿ ಅದು ಕೈಕೊಡುವುದು ಹೆಚ್ಚು. ಮೂರು ಆಕ್ಸಿಸ್‌ನ ಸಣ್ಣ ಕೆತ್ತನೆ ಮಷಿನ್ ಮಾತ್ರ ಇರುವವರು ಲಿನಕ್ಸ್‌ಸಿಎನ್‌ಸಿಗೇ ಹೋಗಬೇಕು ಅಂತಲೂ ಇಲ್ಲ. ಆರ್ಡುಯಿನೊ ಊನೊ ಬೋರ್ಡ್ ಮೇಲೆ ಓಡುವ ಜಿಆರ್‌ಬಿಎಲ್ ಕೂಡ ಮುಕ್ತ ಸಾಫ್ಟ್‌ವೇರೇ. 16 ಮೆಗಾಹರ್ಟ್ಸ್‌ನ ಆ ಪುಟ್ಟ ಚಿಪ್ ಸೆಕೆಂಡಿಗೆ 30,000 ಪಲ್ಸ್‌ವರೆಗೆ ಕೊಡುತ್ತದೆ. ಬೇರೆ ಕೆಲಸವೇ ಇಲ್ಲದ್ದರಿಂದ ಹೊತ್ತು ತಪ್ಪುವುದಿಲ್ಲ. ಅಲ್ಲಿ ಲ್ಯಾಪ್‌ಟಾಪ್ ಕೂಡ ನಡೆಯುತ್ತದೆ, ಯುಎಸ್‌ಬಿಯೂ ನಡೆಯುತ್ತದೆ.

ಉಪ್ಪುಗಾಳಿ, ಮಳೆ, ಕರೆಂಟು

ಕಂಪ್ಯೂಟರ್ ಆರಿಸುವ ಬಗ್ಗೆ ಬೇರೆ ಊರಿನವರು ಬರೆದದ್ದನ್ನು ಓದಿದರೆ ನಮ್ಮ ಉತ್ತರ ಕನ್ನಡ ಜಿಲ್ಲೆಯ ಮುಖ್ಯ ಶತ್ರುಗಳ ಹೆಸರೇ ಇರುವುದಿಲ್ಲ. ಕಾರವಾರ, ಅಂಕೋಲಾ, ಭಟ್ಕಳದ ಗಾಳಿಯಲ್ಲಿ ಉಪ್ಪಿದೆ. ಘಟ್ಟದ ಮೇಲೆ ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೂ ಬೆವರುತ್ತದೆ. ಮರದ ಪುಡಿ ಈ ತೇವ ಹೀರಿಕೊಂಡು ಸಿಪಿಯು ಹೀಟ್‌ಸಿಂಕ್‌ನ ರೆಕ್ಕೆಗಳ ನಡುವೆ ಗಟ್ಟಿಯಾಗಿ ಕೂರುತ್ತದೆ. ಫ್ಯಾನ್ ತಿರುಗುತ್ತಿರುತ್ತದೆ, ಗಾಳಿ ಮಾತ್ರ ಹೋಗುವುದಿಲ್ಲ. ಸಿಪಿಯು ಬಿಸಿಯಾಗಿ ತನ್ನ ವೇಗ ತಾನೇ ಇಳಿಸಿಕೊಳ್ಳುತ್ತದೆ, ಲೇಟೆನ್ಸಿ ಕೆಡುತ್ತದೆ. ಬೇಸಿಗೆಯಲ್ಲಿ 12 ಮೈಕ್ರೊಸೆಕೆಂಡ್ ತೋರಿಸಿದ ಕಂಪ್ಯೂಟರ್ ಮಳೆಗಾಲದಲ್ಲಿ ಬೇರೆ ಅಂಕಿ ತೋರಿಸಿದರೆ ಮೊದಲು ಅಲ್ಲಿ ನೋಡಿ.

ಹಾಗಾಗಿ ಫ್ಯಾನ್ ಇಲ್ಲದ, ಅಥವಾ ಕಮ್ಮಿ ಕರೆಂಟ್ ತಿನ್ನುವ ಪ್ರೊಸೆಸರ್‌ನ ಕಂಪ್ಯೂಟರ್ ನಮ್ಮ ಕಡೆಗೆ ಹೆಚ್ಚು ತಾಳುತ್ತದೆ. ಐ7 ಬೇಡ ಅನ್ನಲು ಇದೂ ಒಂದು ಕಾರಣ. ಅದನ್ನು ಮಷಿನ್‌ನಿಂದ ಸ್ವಲ್ಪ ದೂರ, ಗಾಳಿ ಒಳಬರುವ ಕಡೆ ಫಿಲ್ಟರ್ ಬಟ್ಟೆ ಹಾಕಿದ ಪೆಟ್ಟಿಗೆಯಲ್ಲಿ ಇಡಿ. ಮಳೆಗಾಲದಲ್ಲಿ ಕೆಲಸ ಇಲ್ಲದ ದಿನವೂ ಸ್ವಲ್ಪ ಹೊತ್ತು ಆನ್ ಮಾಡಿ, ಒಳಗಿನ ಬಿಸಿಗೆ ತೇವ ಆರುತ್ತದೆ. ಕರಾವಳಿಯಲ್ಲಿ ಹಳೇ ಕಂಪ್ಯೂಟರ್ ಕೊಳ್ಳುವವರು ರ್ಯಾಮ್ ಕಳಚಿ ಅದರ ಬಂಗಾರದ ಬಣ್ಣದ ಹಲ್ಲುಗಳನ್ನು ನೋಡಿ. ಕಪ್ಪು ಅಥವಾ ಹಸಿರು ಕಲೆ ಇದ್ದರೆ ಬೋರ್ಡ್ ತುಂಬ ಅದೇ ಕಥೆ ಇರುತ್ತದೆ.

ಕರೆಂಟಿನ ವಿಷಯಕ್ಕೆ ಬಂದರೆ, ಕಂಪ್ಯೂಟರ್‌ಗೆ ಯುಪಿಎಸ್ ಇಡಿ. ಆದರೆ ಇಲ್ಲಿ ಒಂದು ಬಲೆ ಇದೆ. ಕರೆಂಟ್ ಹೋದಾಗ ಮೋಟರ್ ಡ್ರೈವ್, ಸ್ಪಿಂಡಲ್ ನಿಂತುಬಿಡುತ್ತವೆ. ಯುಪಿಎಸ್ ಮೇಲಿರುವ ಕಂಪ್ಯೂಟರ್ ಮಾತ್ರ ಏನೂ ಆಗಿಲ್ಲ ಅಂತ ಜಿ-ಕೋಡ್ ಮುಂದುವರಿಸುತ್ತದೆ. ಪರದೆ ಮೇಲಿನ ಜಾಗಕ್ಕೂ ಟೂಲ್ ಇರುವ ಜಾಗಕ್ಕೂ ಸಂಬಂಧವೇ ತಪ್ಪುತ್ತದೆ. ಇದಕ್ಕೆ ಸುಲಭ ಪರಿಹಾರ ಇದೆ. ಮೇನ್ ಲೈನ್‌ಗೆ 230 ವೋಲ್ಟ್ ಕಾಯಿಲ್‌ನ ಒಂದು ರಿಲೇ ಹಾಕಿ, ಅದರ ಕಾಂಟ್ಯಾಕ್ಟನ್ನು ಎಮರ್ಜೆನ್ಸಿ ಸ್ಟಾಪ್ ಸರ್ಕ್ಯೂಟ್‌ಗೆ ಸರಣಿಯಲ್ಲಿ ಸೇರಿಸಿ. ಕರೆಂಟ್ ಹೋದ ಕೂಡಲೇ ರಿಲೇ ಬಿಡುತ್ತದೆ, ಸಾಫ್ಟ್‌ವೇರ್ ನಿಲ್ಲುತ್ತದೆ. ಹೆಚ್ಚಿನ ಪಿನ್ ಕೂಡ ಬೇಕಾಗುವುದಿಲ್ಲ. ಕರೆಂಟ್ ಬಂದ ಮೇಲೆ ಹೋಮ್ ಮಾಡಿ, ನಿಂತ ಸಾಲಿನ ಸ್ವಲ್ಪ ಹಿಂದಿನಿಂದ ಶುರು ಮಾಡಿ. ಎಮರ್ಜೆನ್ಸಿ ಸ್ಟಾಪ್ ಬಟನ್ ಡ್ರೈವ್ ಮತ್ತು ಸ್ಪಿಂಡಲ್ ಅನ್ನು ನೇರವಾಗಿ ವೈರಿನಿಂದಲೇ ನಿಲ್ಲಿಸಬೇಕು. ಸಾಫ್ಟ್‌ವೇರ್‌ಗೆ ಬರೀ ಸುದ್ದಿ ಹೋದರೆ ಸಾಕಾಗುವುದಿಲ್ಲ, ಕೈ ಬೆರಳಿನ ಪ್ರಶ್ನೆ ಇದು.

ಅರ್ಥಿಂಗ್ ನೋಡಿಕೊಳ್ಳಿ. ನಮ್ಮ ಚಿರೇಕಲ್ಲಿನ ನೆಲ ಮಳೆಗಾಲದಲ್ಲಿ ಒಳ್ಳೆ ಅರ್ಥ್ ಕೊಡುತ್ತದೆ, ಏಪ್ರಿಲ್ ಮೇ ತಿಂಗಳಲ್ಲಿ ಒಣಗಿ ಕೈಬಿಡುತ್ತದೆ. ಅರ್ಥ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕಿ. ಸ್ಪಿಂಡಲ್‌ನ ವೇಗ ಏರಿಸಿ ಇಳಿಸುವ ವಿಎಫ್‌ಡಿ ಹೊರಸೂಸುವ ವಿದ್ಯುತ್ ಗದ್ದಲವು ಸುಳ್ಳು ಹೋಮ್ ಸಿಗ್ನಲ್ ಹುಟ್ಟಿಸಬಲ್ಲದು, ನೆಟ್‌ವರ್ಕ್ ಕೇಬಲ್‌ನಲ್ಲಿ ಮಾತು ಕಡಿಯಬಲ್ಲದು. ವಿಎಫ್‌ಡಿಯನ್ನು ಕಂಪ್ಯೂಟರ್ ಇರುವ ಪೆಟ್ಟಿಗೆಯಲ್ಲಿ ಇಡಬೇಡಿ, ಸ್ಪಿಂಡಲ್‌ಗೆ ಶೀಲ್ಡ್ ಇರುವ ಕೇಬಲ್ ಹಾಕಿ.

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದ ದಿನವೇ ಅದರ ಸಿಆರ್2032 ಬ್ಯಾಟರಿ ಬದಲಿಸಿ. ಬಿಲ್ಲೆ ಥರ ದುಂಡಗಿರುತ್ತದೆ, ಗಡಿಯಾರದ ಅಂಗಡಿಯಲ್ಲೂ ಸಿಗುತ್ತದೆ. ಅದು ಸತ್ತಿದ್ದರೆ, ಪ್ಲಗ್‌ನಲ್ಲಿ ಕರೆಂಟ್ ಹೋದಾಗೆಲ್ಲ ಬಯಾಸ್ ಕಾರ್ಖಾನೆಯಿಂದ ಬಂದಾಗಿನ ಸೆಟ್ಟಿಂಗ್‌ಗೆ ಮರಳಬಹುದು. ನೀವು ಆಫ್ ಮಾಡಿದ್ದ ಸಿ-ಸ್ಟೇಟ್, ಹೈಪರ್‌ಥ್ರೆಡಿಂಗ್ ಎಲ್ಲ ಮತ್ತೆ ಆನ್. ನಿನ್ನೆಯವರೆಗೆ ಚೆನ್ನಾಗಿದ್ದ ಮಷಿನ್ ಇವತ್ತು ಯಾಕೆ ಹೆಜ್ಜೆ ತಪ್ಪುತ್ತಿದೆ ಅಂತ ಮೋಟರ್, ಡ್ರೈವ್, ಬೆಲ್ಟ್ ಎಲ್ಲ ಬಿಚ್ಚಿ ನೋಡಿದರೂ ಸಿಗುವುದಿಲ್ಲ. 'ಅನ್‌ಎಕ್ಸ್‌ಪೆಕ್ಟೆಡ್ ರಿಯಲ್‌ಟೈಮ್ ಡಿಲೇ' ಅನ್ನುವ ಸಂದೇಶ ಪರದೆ ಮೇಲೆ ಬಂದರೆ ಅದನ್ನು ಮುಚ್ಚಿ ಮುಂದೆ ಹೋಗಬೇಡಿ. ಒಮ್ಮೆ ಶುರು ಮಾಡಿದರೆ ಅದು ಒಂದೇ ಸಲ ಕಾಣಿಸುತ್ತದೆ, ಆಮೇಲೆ ಎಷ್ಟು ಸಲ ತಡವಾದರೂ ಬಾಯಿ ಬಿಡುವುದಿಲ್ಲ. ಬಯಾಸ್ ತೆರೆದು ನೋಡಿ, ಲೇಟೆನ್ಸಿ ಟೆಸ್ಟ್ ಇನ್ನೊಮ್ಮೆ ಓಡಿಸಿ.

ಎಲ್ಲ ಸರಿ ಕೂತ ಮೇಲೆ ಆ ಕಂಪ್ಯೂಟರನ್ನು ಮಷಿನ್‌ಗಷ್ಟೇ ಬಿಡಿ. ಬಿಲ್ ಬರೆಯಲು, ಡಿಸೈನ್ ಮಾಡಲು ಬೇರೆ ಇರಲಿ. ಸುಮ್ನೆ ಅಪ್‌ಡೇಟ್ ಒತ್ತಬೇಡಿ, ಕರ್ನಲ್ ಬದಲಾದರೆ ಅಳತೆ ಮೊದಲಿನಿಂದ ಮಾಡಬೇಕಾಗುತ್ತದೆ. ನಿಮ್ಮ ಮಷಿನ್‌ನ ಇಡೀ ಲೆಕ್ಕ ಇರುವುದು ಲಿನಕ್ಸ್‌ಸಿಎನ್‌ಸಿಯ ಕಾನ್ಫಿಗ್ಸ್ ಫೋಲ್ಡರ್‌ನಲ್ಲಿ. ಅದನ್ನು ಪೆನ್‌ಡ್ರೈವ್‌ಗೆ ಕಾಪಿ ಮಾಡಿ ಮನೆಯಲ್ಲಿಡಿ. ಕಂಪ್ಯೂಟರ್ ಮಳೆಗಾಲದಲ್ಲಿ ಹೋದರೂ, ಇನ್ನೊಂದು ಹಳೇ ಡೆಸ್ಕ್‌ಟಾಪ್ ತಂದು, ಅಳೆದು, ಆ ಫೋಲ್ಡರ್ ಹಾಕಿದರೆ ಅದೇ ದಿನ ಮಷಿನ್ ಮತ್ತೆ ಓಡುತ್ತದೆ.